ಚೇಳೂರಿನಿಂದ ತಂದ ಹಾಲು

ಕಷ್ಟ ಬಂದ ಮೇಲೆ ಚಿಂತಿಸುವವರು ಭಾಗ್ಯವಂತರು. ನಾನು ಮುಂಗಡವಾಗಿಯೇ ಚಿಂತಿಸಿಟ್ಟುಕೊಳ್ಳುವ ಜಾತಿ. ಬಸ್ಸು ಹತ್ತುವ ಮೊದಲೇ, ಇಳಿಯುವ ಊರು ದಾಟಿಹೋದರೇನು ಗತಿ ಎಂದು ಬೆವರುತ್ತೇನೆ. ಇಷ್ಟೆಲ್ಲ ಅಭ್ಯಾಸವಿದ್ದೂ, ಮಗಳು ರಮ್ಯಾಳಿಗೆ ಏಳನೇ ತಿಂಗಳಿಗೇ ಹೆರಿಗೆಯಾದೀತೆಂದು ಚಿಂತಿಸುವುದೊಂದನ್ನು ಮರೆತಿದ್ದೆ.

ಮಗು ತುಮಕೂರಿನ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿತ್ತು. ಮೊಳದುದ್ದವೂ ಇಲ್ಲ. ಚೀಪುವ ಶಕ್ತಿಯಿರಲಿಲ್ಲ. ರಮ್ಯಾ ಪಂಪಿನಲ್ಲಿ ತೆಗೆದುಕೊಟ್ಟ ಹಾಲನ್ನು ನಳಿಕೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಪಕ್ಕದ ಪೆಟ್ಟಿಗೆ ಅಂದು ಬೆಳಿಗ್ಗೆ ಖಾಲಿಯಾಗಿತ್ತು. ಆ ಮಗು ಮನೆಗೆ ಹೋಯಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಮೃತೂರಿನಿಂದ ಬಂದ ನಮ್ಮಕ್ಕ, ತಳ ಮಾತ್ರ ನೆಂದಿದ್ದ ಹಾಲಿನ ಬಾಟಲಿ ನೋಡಿ ನನ್ನನ್ನು ವಾರ್ಡಿನ ಹೊರಗೆ ಎಳೆದಳು. "ಏನ್ಲಾ ಇದು, ಅರಿಶಿನದ ನೀರಿದ್ದಂಗದೆ! ತಿಂಗ್ಳು ತುಂಬ್ದಿದ್ರೆ ಹಾಲೂ ಬಲಿಯಲ್ಲ ಕಣೋ. ಎಳನೀರಲ್ಲಿ ಕೊಬ್ರಿ ಇರ್ತದಾ? ಚೇಳೂರಲ್ಲಿ ನನ್ ಮಗಳು ಗೌರಿ ಇದಾಳಲ್ಲ, ಅವಳ್ ಮಗೀಗೆ ನಾಕ್ ತಿಂಗ್ಳು. ಹೋಗಿ ಇಸ್ಕೊಂಡ್ ಬಾ."

ತೆಂಗಿನ ಸೀಮೆಯವನಿಗೆ ಇದಕ್ಕಿಂತ ದೊಡ್ಡ ಶಾಸ್ತ್ರ ಬೇಕೆ? ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತರುವವನಂತೆ ಫ್ಲಾಸ್ಕ್ ಹಿಡಿದು ಗುಬ್ಬಿ ಬಸ್ಸು ಹತ್ತಿದೆ. ಅಲ್ಲಿಂದ ಚೇಳೂರು. ಗೌರಿ ಪಾಪ, ತುಂಬಿಸಿಕೊಟ್ಟಳು. ಅವಳ ಮಗು ದುಂಡಗೆ ಮಲಗಿತ್ತು. ಅದನ್ನು ಕಂಡು ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆಯುರಿಯಿತು.

ಹಾಲು ಯಾರದೆಂದು ನನ್ನಿಂದ ಕೇಳಿ ತಿಳಿದ ಡಾಕ್ಟರಮ್ಮ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿದರು. "ಕಾಫಿ ವಾಸನೆ ಬರ್ತಿದೆಯಲ್ಲ ಸಾರ್. ಇದನ್ನ ಕೊಟ್ರೆ ಆ ಮಗೂಗೆ ಸೋಂಕು ಗ್ಯಾರಂಟಿ. ಅದೂ ಅಲ್ದೆ ಇದು ತಿಂಗಳು ತುಂಬಿ ಹುಟ್ಟಿ, ನಾಲ್ಕು ತಿಂಗಳಾದ ಮಗುವಿನ ತಾಯಿ ಹಾಲು. ಬೇಗ ಹೆತ್ತ ತಾಯಿ ಹಾಲಲ್ಲಿ ಮೊದಮೊದಲು ಪ್ರೋಟೀನು, ರೋಗ ತಡೆಯೋ ಅಂಶ ಇದಕ್ಕಿಂತ ಜಾಸ್ತಿ ಇರುತ್ತೆ. ಆ ಹಳದಿ ತೊಟ್ಟು ಇದೆಯಲ್ಲ, ಅದೇ ಈಗ ಔಷಧಿ."

ಹಸು ಈದರೆ ಗಿಣ್ಣಿಗೆ ಬೆಲ್ಲ ಏಲಕ್ಕಿ ಹಾಕಿ ಚಪ್ಪರಿಸುವ ನನಗೆ, ಮಗಳ ಹಳದಿ ಹಾಲು ಮಾತ್ರ ನೀರಾಗಿ ಕಂಡಿತ್ತು! ನಾಚಿಕೊಂಡು ತಿರುಗಿದರೆ ಬಾಗಿಲಲ್ಲಿ ಗೋಡೆ ಹಿಡಿದು ರಮ್ಯಾ ನಿಂತಿದ್ದಳು.

"ಅಪ್ಪ, ನನ್ ಹಾಲು ಕೆಲ್ಸಕ್ಕೆ ಬರಲ್ಲ ಅಂತ ಚೇಳೂರಿಗೆ ಹೋಗಿದ್ಯಾ?"

ಆ ಸಂಜೆ ಪಂಪಿಗೆ ಒಂದು ತೊಟ್ಟೂ ಬರಲಿಲ್ಲ.

"ಮನಸ್ಸು ನೊಂದ್ರೆ ಹಾಲು ಇಳಿಯಲ್ಲ. ಯಾರೇನಂದ್ರಿ ಆ ಹುಡುಗೀಗೆ?" ಎಂದು ಡಾಕ್ಟರಮ್ಮ ರೇಗಿದರು. ನಮ್ಮಕ್ಕ ಕಣ್ಣು ಮಿಟುಕಿಸದೆ ನನ್ನತ್ತ ಕೈ ಮಾಡಿದಳು: "ಇವ್ನೇ ಕಣಮ್ಮ. ಹುಟ್ದಾಗಿಂದ್ಲೂ ಹಿಂಗೇಯ."

ನನ್ನನ್ನು ಕೆಳಗಿನ ಮಹಡಿಗೆ ಗಡೀಪಾರು ಮಾಡಿದರು. ಮರುದಿನ ಅಕ್ಕ ಮೆಟ್ಟಿಲ ಮೇಲಿಂದಲೇ ಬಗ್ಗಿ, "ಬಾಟ್ಲಿ ತಳ ನೆಂದದೆ ಕಣೋ! ನೀನ್ ಮಾತ್ರ ಮೇಲಕ್ ಬರ್ಬೇಡ," ಎಂದಳು. ಮಗು ಇನ್ನೂ ಗಾಜಿನೊಳಗೇ ಇದೆ. ಡಾಕ್ಟರು ಯಾವ ಮಾತನ್ನೂ ಕೊಟ್ಟಿಲ್ಲ. ಮೊಮ್ಮಗಳಿಗೆ ಈ ತಾತನಿಂದ ಆಗುತ್ತಿರುವ ಉಪಕಾರ ಸದ್ಯಕ್ಕೆ ಒಂದೇ: ಮೇಲಕ್ಕೆ ಹೋಗದಿರುವುದು. ಅದನ್ನು ಬಹಳ ನಿಷ್ಠೆಯಿಂದ ಮಾಡುತ್ತಿದ್ದೇನೆ.