ಗೋಡೆಗೆ ಮೂತಿ ಮಾಡಿದ ದೋಣಿ

ಆ ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತ, ಬಚ್ಚಲ ಕನ್ನಡಿಯ ಮುಂದೆ ನಿಂತು ಅವಳೊಂದು ಘೋರ ಪ್ರತಿಜ್ಞೆ ಮಾಡಿದಳು: ಇವತ್ತು ಸೂರ್ಯ ಮುಳುಗುವವರೆಗೆ ಒಂದೇ ಒಂದು ಸಲವೂ ಬಾಯಿಬಿಟ್ಟು ಗಾಬರಿಯಾಗುವುದಿಲ್ಲ. ಬಾಯಿತುಂಬ ನೊರೆ ಇದ್ದದ್ದರಿಂದ ಪ್ರತಿಜ್ಞೆ ಸ್ವಲ್ಪ ಅಸ್ಪಷ್ಟವಾಗಿತ್ತು. ಆ ಅಸ್ಪಷ್ಟತೆಯ ಲಾಭ ಪಡೆದು, ಮುಂದಿನ ಐದೇ ನಿಮಿಷದಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಅಡುಗೆಮನೆಗೆ ಹೋಗಿ ಬಂದಳು.

ಗಾಬರಿ ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಮಗಳು ಹುಟ್ಟಿದ ಮೇಲೆ ಅದಕ್ಕೆ ಬಡ್ತಿಯೂ ಸಿಕ್ಕಿತ್ತು. ಮೂರೂವರೆ ವರ್ಷದ ಆ ಮಗುವಿನ ತಟ್ಟೆಗೆ ಇವತ್ತಿನವರೆಗೆ ಒಂದು ದ್ರಾಕ್ಷಿಯೂ ಇಡಿಯಾಗಿ ಬಿದ್ದದ್ದಿಲ್ಲ. ಅಪ್ಪ ಇವಳನ್ನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದೇ ಲಂಗರಮ್ಮ ಎಂದು. ಹೊರಟ ದೋಣಿಯನ್ನು ನಿಲ್ಲಿಸಲು ಕಬ್ಬಿಣದ ಲಂಗರು ಯಾತಕ್ಕೆ, ನನ್ನ ಮಗಳು ದಡದಲ್ಲಿ ನಿಂತು ತುಟಿ ಸೊಟ್ಟ ಮಾಡಿದರೆ ಸಾಕಲ್ಲ ಎಂದು ಕಂಡವರೆದುರಿಗೆಲ್ಲ ಹೇಳುತ್ತಿದ್ದರು.

ಅಪ್ಪ ಹೋಗಿ ಎಂಟು ತಿಂಗಳಾಗಿತ್ತು. ಉಳಿದದ್ದು ಹದಿನೆಂಟು ಅಡಿಯ ಆ ಹಾಯಿದೋಣಿ. ಊರಂಚಿನ ದೋಣಿ ಅಂಗಳದ ತೀರಾ ಹಿಂದಿನ ಮೂಲೆಯಲ್ಲಿ, ಮರದ ಆನಿಕೆಗಳ ಮೇಲೆ, ಗೋಡೆಗೆ ಮೂತಿ ಮಾಡಿ ನಿಂತಿತ್ತು. ಮೊಮ್ಮಗಳನ್ನು ಒಂದು ಸಲ ಹತ್ತಿಸೋಣ ಎಂದು ಅಪ್ಪ ಎಷ್ಟು ಸಲ ಕೇಳಿದ್ದರೋ. ಅವಳ ಅಳತೆಯ ತೇಲುಜಾಕೀಟು ಸಿಗಲಿ, ನೆಗಡಿ ಹೋಗಲಿ, ಗಾಳಿ ಕಡಿಮೆಯಾಗಲಿ ಎಂದು ಇವಳು ಮುಂದೂಡುತ್ತಲೇ ಬಂದಳು. ಕೊನೆಗೆ ಮುಂದಿನ ರಜೆಗೆ ಎಂದಿದ್ದಳು. ರಜೆ ಬಂತು, ಜಾಕೀಟೂ ಬಂತು. ಅಪ್ಪ ಮಾತ್ರ ಇರಲಿಲ್ಲ.

ಈಗ ಆ ಅಂಗಳವೂ ಯಾರಿಗೋ ಮಾರಾಟವಾಗಿತ್ತು. ಶನಿವಾರ ಸಂಜೆ ಆರಕ್ಕೆ ಗೇಟಿಗೆ ಬೀಗ, ಸೋಮವಾರ ಬೆಳಿಗ್ಗೆ ಯಂತ್ರ ಬರುತ್ತದೆ, ಒಳಗೆ ಏನಿದ್ದರೂ ಪುಡಿ ಎಂದು ಕಾವಲುಗಾರ ತಾತ ಹೇಳಿ ಕಳಿಸಿದ್ದರು. ಗೇಟಿನ ಕಮಾನು ಕಿರಿದಾದದ್ದರಿಂದ ಕ್ರೇನ್ ಒಳಗೆ ಹೋಗುವ ಹಾಗಿರಲಿಲ್ಲ. ಅಮ್ಮ ಬಾಯಿಬಿಟ್ಟು ಏನೂ ಕೇಳಲಿಲ್ಲ. ಮನೆಯ ಕಾಂಪೌಂಡಿನಲ್ಲಿ ಹದಿನೆಂಟು ಅಡಿ ಜಾಗದ ಹೂಕುಂಡಗಳನ್ನೆಲ್ಲ ಒಬ್ಬರೇ ಬದಿಗೆ ಸರಿಸಿಟ್ಟರು. ಕೇಳಿದ್ದರೇ ವಾಸಿಯಿತ್ತು.

"ಕ್ರೇನ್ ಯಾಕೆ? ಎರಡು ಜಾಕ್, ನಲವತ್ತು ಮರದ ತುಂಡು, ಒಂದು ತಲೆ. ಸಾಕು," ಎಂದಿದ್ದ ಗಂಡ. ಅವನು ಏಳನೇ ತರಗತಿಗೆ ಸನ್ನೆಕೋಲಿನ ಪಾಠ ಮಾಡುವವನು.

"ಜಾಕು, ಮರ ಎಲ್ಲ ಸರಿ ರೀ. ತಲೆ ಯಾರದು?" ಎಂದು ಅವಳು ಕೇಳಿದ್ದಳು.

ಅವನು ನೊಂದುಕೊಳ್ಳಲಿಲ್ಲ, ಒಪ್ಪಂದ ಮಾಡಿಕೊಂಡ. ನಿನಗಿರುವ ಭಯಗಳನ್ನೆಲ್ಲ ಬರೆದು ಕೊಡು, ಬರೆದದ್ದನ್ನು ಅಕ್ಷರಕ್ಷರ ಪಾಲಿಸುತ್ತೇನೆ, ಆದರೆ ಕೆಲಸ ಶುರುವಾದ ಮೇಲೆ ಬಾಯಲ್ಲಿ ಒಂದೂ ಬರಕೂಡದು ಎಂದ. ಹಾಗೆ ಹುಟ್ಟಿದ್ದು ಆ ಬೆಳಗಿನ ಪ್ರತಿಜ್ಞೆ. ಮಗಳ ಲಸಿಕೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವಳು ಮೂವತ್ತೊಂದು ಭಯಗಳನ್ನು ಕ್ರಮಸಂಖ್ಯೆ ಹಾಕಿ ಬರೆದಳು. ಒಂದನೆಯದು, ದೋಣಿ ಗಂಡನ ಮೇಲೆ ಬೀಳುವುದು. ಎರಡನೆಯದು, ಗಂಡ ದೋಣಿಯ ಮೇಲೆ ಬೀಳುವುದು. ಮೂವತ್ತೊಂದನೆಯದು, ಜೇನುಗೂಡು.

ಮಗಳನ್ನು ಅಮ್ಮನ ಬಳಿ ಬಿಟ್ಟು ಏಳು ಗಂಟೆಗೆ ಅಂಗಳ ಸೇರಿದರು. ಆಕಾಶ ತೊಳೆಯದ ಪಾತ್ರೆಯ ಬಣ್ಣಕ್ಕಿತ್ತು. ಉಳಿದ ದೋಣಿಗಳೆಲ್ಲ ಹೋಗಿಬಿಟ್ಟಿದ್ದವು. ಅವು ನಿಂತಿದ್ದ ಜಾಗಗಳಲ್ಲಿ ಹುಲ್ಲು ಬೆಳೆಯದ ಉದ್ದುದ್ದ ಗುರುತುಗಳು, ತುಕ್ಕುಹಿಡಿದ ಡಬ್ಬಗಳು. ಮುರಿದ ಕುರ್ಚಿಯಲ್ಲಿ ಕೂತಿದ್ದ ತಾತ ಇವರನ್ನು ನೋಡಿ ಎದ್ದು, ನಲವತ್ತು ಮರದ ತುಂಡುಗಳನ್ನೂ ಎಣಿಸಿ, ಮತ್ತೆ ಕೂತರು. ಅವರ ಮುಖದಲ್ಲಿ ಯಾವ ಆಶಾಭಾವನೆಯೂ ಕಾಣಲಿಲ್ಲ.

ಕೆಲಸದ ಕ್ರಮ ಹೇಳುವುದಕ್ಕೆ ಸುಲಭ. ಈ ದೋಣಿಯ ಹೊಟ್ಟೆಯಡಿ ಕೀಲ್ ಎಂಬ ದಪ್ಪ ಕಬ್ಬಿಣದ ಹಲಗೆ ಇಳಿಬಿದ್ದಿರುತ್ತದೆ. ನೀರಿನಲ್ಲಿ ದೋಣಿ ಮಗುಚದ ಹಾಗೆ ನೋಡಿಕೊಳ್ಳುವುದು ಅದೇ, ನೆಲದ ಮೇಲೆ ಪ್ರಾಣ ತಿನ್ನುವುದೂ ಅದೇ. ಮುಂಭಾಗವನ್ನು ಜಾಕ್‌ನಿಂದ ಎರಡು ಬೆರಳು ಎತ್ತಿ ಕೀಲ್ ಅಡಿಗೆ ಒಂದು ತುಂಡು ಸೇರಿಸಬೇಕು. ಹಿಂಭಾಗವನ್ನು ಎರಡು ಬೆರಳು ಎತ್ತಿ ಇನ್ನೊಂದು ಸೇರಿಸಬೇಕು. ಎರಡು ಮಗ್ಗುಲಿನ ಆನಿಕೆಗಳಿಗೆ ಬೆಣೆ ಬಿಗಿಯಬೇಕು. ಹೀಗೆ, ಅಂಗಳದಲ್ಲೇ ಇದ್ದ ಅಪ್ಪನ ಟ್ರೇಲರ್ ಅಡಿಗೆ ನುಗ್ಗುವಷ್ಟು ಎತ್ತರ ಬರುವವರೆಗೆ. ಮುಕ್ಕಾಲು ಟನ್ನಿನ ಮಗುವನ್ನು ಎಚ್ಚರವಾಗದ ಹಾಗೆ ತೊಟ್ಟಿಲಿನಿಂದ ಎತ್ತಿದಂತೆ.

ಎಚ್ಚರವಾಗದ ಹಾಗೆ ಎತ್ತುವುದು ಅವಳಿಗೆ ಗೊತ್ತಿದ್ದ ವಿದ್ಯೆ. ದೋಣಿ ಕಿರ್ ಎಂದಾಗಲೆಲ್ಲ ಅವಳು ಬೆಣೆಗಳನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದಳು. ಆದರೂ ಬಾಯಿ ಬಿಡಲಿಲ್ಲ. ತುಟಿ ಕಚ್ಚಿಕೊಂಡು ಬೆಣೆ ಬಡಿದಳು. ಗಂಡ ಪ್ರತಿ ಅರ್ಧ ಗಂಟೆಗೊಮ್ಮೆ ಲಸಿಕೆ ಪುಸ್ತಕ ತೆರೆದು, ಒಂಬತ್ತನೆಯದು ಆಯಿತು, ಹತ್ತನೆಯದು ಆಯಿತು ಎಂದು ಗೀಟು ಹಾಕುತ್ತಿದ್ದ. ಮಧ್ಯಾಹ್ನ ಒಂದಕ್ಕೆ ದೋಣಿ ಮೊಣಕಾಲೆತ್ತರ ಎದ್ದಿತ್ತು. ತಾತ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಆಗ ಇಪ್ಪತ್ಮೂರನೆಯ ಭಯದ ಸರದಿ ಬಂತು. 'ದೋಣಿಯ ಮೂತಿ ಟ್ರೇಲರಿನ ಕೊಂಡಿಯ ಕಡೆಗೇ ಇರಬೇಕು. ಎಲ್ಲ ಚಿತ್ರಗಳಲ್ಲೂ ಹಾಗೇ ಇದೆ. ಇಲ್ಲದಿದ್ದರೆ ದಾರಿಯಲ್ಲಿ ಏನಾದರೂ ಆದೀತು.' ಇದರಡಿ ಎರಡು ಗೆರೆ ಬೇರೆ ಎಳೆದಿದ್ದಳು.

ಟ್ರೇಲರಿನ ಕೊಂಡಿ ಗೇಟಿನ ಕಡೆಗಿತ್ತು, ದೋಣಿಯ ಮೂತಿ ಗೋಡೆಯ ಕಡೆಗೆ. ಗಂಡ ಪುಸ್ತಕ ನೋಡಿದ, ಟ್ರೇಲರ್ ನೋಡಿದ, ಹೆಂಡತಿಯ ಮುಖ ನೋಡಿದ. ಒಪ್ಪಂದ ಒಪ್ಪಂದವೇ. ಇಬ್ಬರೂ ಏದುಸಿರು ಬಿಡುತ್ತ ಖಾಲಿ ಟ್ರೇಲರನ್ನು ಗಿರಕಿ ಹೊಡೆಸಿ, ಕೊಂಡಿ ಮುಂದಾಗಿ ದೋಣಿಯ ಅಡಿಗೆ ನೂಕಿದರು. ಅದರ ಅಡ್ಡಪಟ್ಟಿ ಎದುರಾದಾಗಲೆಲ್ಲ ಒಂದು ತುಂಡು ತೆಗೆದು, ಪಟ್ಟಿ ದಾಟಿಸಿ, ಅದೇ ತುಂಡನ್ನು ಹಿಂದೆ ಇಡಬೇಕು. ಗೇಣು ಗೇಣಾಗಿ ಮೂರು ತಾಸು ಹಿಡಿಯಿತು.

ಕೊಂಡಿ ಗೋಡೆಗೆ ಒಂದು ಮೊಳ ದೂರದಲ್ಲಿದ್ದಾಗ ಅವಳ ಎದೆಯಲ್ಲಿ ಏನೋ ಚುಚ್ಚಿತು. ಎಲ್ಲೋ ಏನೋ ಸರಿಯಿಲ್ಲ. ಹುಟ್ಟಿದಾಗಿನಿಂದ ಸಾವಿರ ಸಲ ಹೀಗನಿಸಿದೆ, ಸಾವಿರ ಸಲವೂ ಬಾಯಿಬಿಟ್ಟು ಹೇಳಿ ಬೈಸಿಕೊಂಡಿದ್ದಾಳೆ. ಇವತ್ತು ಪ್ರತಿಜ್ಞೆ ನೆನಪಾಯಿತು. ನುಂಗಿಕೊಂಡಳು.

ಐದೂಕಾಲಿಗೆ ದೋಣಿ ಟ್ರೇಲರಿನ ಮೇಲೆ ಹೂವಿನ ಹಾಗೆ ಕೂತಿತು. ಯಾರ ಬೆರಳೂ ಜಜ್ಜಿರಲಿಲ್ಲ. ಜೇನುಗೂಡು ಇರಲಿಲ್ಲ. ಗಂಡ ಮೂವತ್ತೊಂದಕ್ಕೂ ಗೀಟು ಹಾಕಿ, ಕೆಳಗೆ ತನ್ನ ಶಾಲೆಯ ಮಕ್ಕಳಿಗೆ ಹಾಕುವಂತೆ 'ಉತ್ತಮ' ಎಂದು ಬರೆದು ರುಜು ಮಾಡಿದ. ಐದೂವರೆಗೆ ಅವನ ಅಣ್ಣ, ಅಂದರೆ ಇವಳ ಭಾವ, ವ್ಯಾನನ್ನು ಗೇಟಿನೊಳಗೆ ತಂದರು. ಎಳೆಯಲು ಬೇಕಾದ ಕೊಕ್ಕೆ ಇದ್ದದ್ದು ಅದಕ್ಕೊಂದಕ್ಕೇ. ಇಳಿದು ಬಂದು ಟ್ರೇಲರಿನ ಹಿಂಬದಿ ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಗೋಡೆಗೂ ದೋಣಿಯ ಮೂತಿಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿ, ಅಲ್ಲಿ ಅಡಗಿ ಕೂತಿದ್ದ, ವ್ಯಾನಿನ ಕೊಕ್ಕೆಗೆ ಸಿಗಬೇಕಾದ ಕೊಂಡಿಯನ್ನು ಬಹಳ ಹೊತ್ತು ನೋಡಿದರು.

"ಏನಮ್ಮ," ಎಂದರು ಮೆಲ್ಲಗೆ, "ನನ್ನ ವ್ಯಾನು ಗೋಡೆ ಒಳಗಿಂದ ಬರಬೇಕಿತ್ತಾ?"

ಗಂಡ ಲಸಿಕೆ ಪುಸ್ತಕವನ್ನು ಜೇಬಿಗೆ ಸೇರಿಸಿದ. ಕೊಂಡಿಯಿಲ್ಲದ ಕಡೆಯಿಂದ ಎಳೆದರೆ ಟ್ರೇಲರ್ ಹಿಡಿತಕ್ಕೆ ಸಿಗದು. ಮತ್ತೆ ದೋಣಿ ಎತ್ತಿ, ಟ್ರೇಲರ್ ತೆಗೆದು, ತಿರುಗಿಸಿ, ನೂಕಿ, ಇಳಿಸಲು ಇನ್ನೊಂದು ಹಗಲು ಬೇಕು. ಉಳಿದಿದ್ದದ್ದು ಇಪ್ಪತ್ತು ನಿಮಿಷ. ಅವಳು ಮರದ ತುಂಡೊಂದರ ಮೇಲೆ ಕುಸಿದು ಕೂತಳು. ಮನೆಯಲ್ಲಿ ಹೂಕುಂಡಗಳು ಸರಿದು ನಿಂತ ಆ ಖಾಲಿ ಜಾಗ ಕಣ್ಣಮುಂದೆ ಬಂತು.

"ತಾತ, ಇದನ್ನ ಗೋಡೆಗೆ ಮೂತಿ ಮಾಡಿ ನಿಲ್ಲಿಸಿದ್ದು ಯಾರು? ಗೇಟಿನ ಕಡೆ ಇದ್ದಿದ್ರೆ ಇದ್ಯಾವುದೂ ಆಗ್ತಿರಲಿಲ್ಲ," ಎಂದಳು. ತಪ್ಪು ಹೊರಿಸಲು ಯಾರಾದರೂ ಬೇಕಿತ್ತು.

ತಾತ ಕೈಲಿದ್ದ ಬೀಗವನ್ನು ಒಮ್ಮೆ ತಿರುಗಿಸಿದರು.

"ನೀನೇ ಕಣವ್ವ," ಎಂದರು. "ನಿನಗಾಗ ನಾಲ್ಕು ವರ್ಷ ಇರಬೇಕು. ದೋಣಿ ಗೇಟಿನ ಕಡೆ ನೋಡ್ತಾ ನಿಂತಿದ್ರೆ ಅಪ್ಪ ಹೊರಟೇಬಿಡ್ತಾರೆ ಅಂತ ಹಟ ಹಿಡಿದು ಅತ್ತುಬಿಟ್ಟೆ. ನಿಮ್ಮಪ್ಪ ಆರು ಜನಾನ ಕರ್ಕೊಂಡು ಬಂದು ಇದನ್ನ ತಿರುಗಿಸಿ ನಿಲ್ಲಿಸಿದ್ರು. ಆಮೇಲೆ ಪ್ರತಿ ವರ್ಷ ನೀರಿಗೆ ಇಳಿಸುವಾಗ ತಿರುಗಿಸೋದು, ತಂದ ಮೇಲೆ ಮತ್ತೆ ತಿರುಗಿಸೋದು. ಯಾಕೆ ಸ್ವಾಮಿ ಈ ಕಷ್ಟ, ಮಗಳು ದೊಡ್ಡೋಳಾದ್ಲಲ್ಲ ಅಂದ್ರೆ, ಅವಳು ಯಾವತ್ತಾದ್ರೂ ಬಂದು ನೋಡಿದ್ರೆ ಅಂತಿದ್ರು."

ಅವಳು ಈ ಅಂಗಳಕ್ಕೆ ಬಂದದ್ದು ಇದೇ ಮೊದಲು, ಇಪ್ಪತ್ತು ವರ್ಷಗಳಲ್ಲಿ.

ಆರು ಹೊಡೆಯಿತು. ತಾತ ಎದ್ದು, ಬೀಗವನ್ನು ಎಲ್ಲರೂ ನೋಡುತ್ತಿದ್ದ ಹಾಗೆಯೇ ಕೋಟಿನ ಒಳಜೇಬಿಗೆ ಹಾಕಿಕೊಂಡು, ಈ ಹಾಳು ಬೀಗ ಎಲ್ಲಿಟ್ಟೆನೋ ಕಾಣುತ್ತಿಲ್ಲ, ನಾಳೆ ಭಾನುವಾರ ಬೆಳಕಿನಲ್ಲಿ ಹುಡುಕಬೇಕು ಎಂದು ಗೊಣಗುತ್ತ ಮನೆಗೆ ಹೊರಟರು.

ಭಾನುವಾರ ಮತ್ತೆ ಎತ್ತಿದರು. ಎರಡು ಬೆರಳು ಮುಂದೆ, ಎರಡು ಬೆರಳು ಹಿಂದೆ. ಈ ಸಲ ಭಯಗಳ ಪಟ್ಟಿ ಇರಲಿಲ್ಲ. ಟ್ರೇಲರನ್ನು ಮೊದಲಿನಂತೆ ಕೊಂಡಿ ಗೇಟಿನ ಕಡೆಗೆ ಬರುವ ಹಾಗೆ ನೂಕುವಾಗ ಗಂಡ ಒಮ್ಮೆ ನಿಂತು, ದೋಣಿ ದಾರಿಯುದ್ದಕ್ಕೂ ಹಿಂದುಮುಂದಾಗಿ ಹೋಗುತ್ತದೆ, ಪರವಾಗಿಲ್ಲವೇ ಎಂದು ಕೇಳಿದ. "ಹೋಗಲಿ ಬಿಡ್ರಿ," ಎಂದಳು. ಅವಳ ಬಾಯಿಂದ ಆ ಎರಡು ಮಾತು ಬಂದದ್ದನ್ನು ಅವನು ಮದುವೆಯಾದ ಮೇಲೆ ಕೇಳಿರಲಿಲ್ಲ. ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದ.

ಸಂಜೆ ದೋಣಿ ಬಾಲ ಮುಂದೆ ಮಾಡಿಕೊಂಡು ಊರೆಲ್ಲ ಸುತ್ತಿ ಮನೆಗೆ ಬಂತು. ಭಾವನಿಗೆ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೊಡೆಯಲು ಬರುತ್ತಿರಲಿಲ್ಲ. ಹಿಂದೆ ಸರಿಯುವುದು ನಮ್ಮ ವಂಶದಲ್ಲೇ ಇಲ್ಲ ಎಂದು ಅದನ್ನೂ ಹೆಮ್ಮೆಯಿಂದಲೇ ಹೇಳಿ, ನೇರ ನುಗ್ಗಿಸಿ, ಕೊಂಡಿ ಬಿಚ್ಚಿ, ಮನೆಯ ಮಗ್ಗುಲಿನ ಸಂದಿಯಿಂದ ವ್ಯಾನ್ ಹೊರತೆಗೆದುಕೊಂಡು ಹೋದರು. ಹಾಗಾಗಿ ಹೂಕುಂಡಗಳ ನಡುವೆ ದೋಣಿ ರಸ್ತೆಯ ಕಡೆಗೆ ಮೂತಿ ಮಾಡಿ ನಿಂತಿತು. ಅಮ್ಮ ಬಂದು ಅದರ ಮಗ್ಗುಲಿಗೆ ಅಂಗೈ ಒತ್ತಿ ನಿಂತರು. ಇನ್ನು ಹೊರಟುಹೋಗಲು ಅಪ್ಪನೇ ಇಲ್ಲವಲ್ಲ, ಹೇಗೆ ನಿಂತರೇನು ಎಂದುಕೊಂಡು ಅವಳು ಮೆಟ್ಟಿಲ ಮೇಲೆ ಕೂತು ಅಂಗೈಯ ಬೊಬ್ಬೆಗಳನ್ನು ಎಣಿಸಿದಳು.

ಮಗಳು ಬಾಗಿಲಿಗೆ ಬಂದಳು. ದೋಣಿ ನೋಡಿದಳು, ಅದರ ಮೂತಿ ನೋಡಿದಳು, ಮೂತಿಯ ನೇರಕ್ಕಿದ್ದ ಗೇಟು ನೋಡಿದಳು. ಓಡಿಬಂದು ತನ್ನ ಅಪ್ಪನ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತುಟಿ ಸೊಟ್ಟಗಾಗತೊಡಗಿತ್ತು.

"ಅಪ್ಪಾ, ಹೋಗ್ಬೇಡ."

ಗಂಡ ಮಗಳ ತಲೆ ಸವರಿದ. ಹೆಂಡತಿಯ ಕಡೆ ತಿರುಗಿದ. ಎರಡು ದಿನದ ಧೂಳು ಮೆತ್ತಿದ ಆ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ.

"ಜಾಕ್ ಇನ್ನೂ ವಾಪಸ್ ಕೊಟ್ಟಿಲ್ಲ ತಾನೇ?"