ಕಂಪ್ಯೂಟರಿನೊಳಗಿನ ಮನೆಗೆ ಜ್ವರ

ಬೊಮ್‌ಸುವಿಗೆ ಆ ಬೆಳಿಗ್ಗೆ ಮನೆ ಎಷ್ಟು ತಣ್ಣಗಿದ್ದರೂ ಸಾಲದು. ಅದಕ್ಕೇ ನೆಲ ಕಾಯಿಸುವ ಬಾಯ್ಲರ್ ಆರಿಸಿ ಕೂತಿದ್ದ.

ಹಳೆಯ ಕಟ್ಟಡಗಳನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅವು ಎಷ್ಟು ಗ್ಯಾಸ್ ನುಂಗುತ್ತವೆ, ಎಷ್ಟು ಇಂಗಾಲ ಉಗುಳುತ್ತವೆ ಎಂದು ಲೆಕ್ಕ ಹಾಕುವುದು ಅವನ ಕಸುಬು. ಈ ಸಲದ ಸರದಿ ಜೊಂಜು ಊರಿನ ಹಳೇ ಓಣಿಯ ಹೆಂಚಿನ ಮನೆಯದು. ಅದು ಅವನ ಅತ್ತೆಯ ಮನೆ, ಅವನು ಮನೆಯಳಿಯ. ಪರದೆಯ ಮೇಲೆ ಮನೆ ನೀಲಿಗಟ್ಟಿ, ಶಾಖ ಸೋರುತ್ತದೆಂದು ಸಾಬೀತಾದರೆ ಸರ್ಕಾರದ ಖರ್ಚಿನಲ್ಲಿ ಹೊಸ ಬಾಯ್ಲರು, ಜೋಡಿ ಬಾಗಿಲು! ಮದುವೆಯಾದಾಗಿನಿಂದ ನಡುಗುತ್ತಿದ್ದ ಜೀವಕ್ಕೆ ಇನ್ನೇನು ಬೇಕು? ಶಾಖ ಅಳೆದು ಕಂಪ್ಯೂಟರಿಗೆ ಕಳಿಸುವ ಪುಟ್ಟ ಡಬ್ಬಿಯನ್ನು ಒಳಕೋಣೆಯ ನೆಲದ ಮೇಲಿಟ್ಟು ಹೊರಬಂದ.

ಪಕ್ಕದ ಮನೆಯ ನಾಮ್ವನ್ ಅಕ್ಕ ಒಳಗೆ ಕಾಲಿಟ್ಟವಳೇ ಕಿರುಚಿದಳು.

"ಅಯ್ಯಯ್ಯೋ, ನೆಲ ಒಳ್ಳೆ ಐಸು! ಅಳಿಯಂದ್ರ ಕೆಲಸ ಹೋಯ್ತಾ?"

"ಇಲ್ಲಕ್ಕಾ, ಇದೇ ನನ್ನ ಕೆಲಸ!"

"ಚಳೀಲಿ ಕೂರೋದಕ್ಕೂ ಸಂಬಳ ಕೊಡ್ತಾರಾ?"

ಓಣಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಒಬ್ಬಳು ಕುದಿಯುವ ಸಾರು ತಂದಳು. ಇನ್ನೊಬ್ಬ ಹಳೇ ಒಲೆಗೆ ಸೌದೆ ತುರುಕಿ ಬೆಂಕಿಯನ್ನೇ ಹಚ್ಚಿದ. ಬೊಮ್‌ಸು ಅದಕ್ಕೆ ನೀರು ಸುರಿದು, ಎಲ್ಲರನ್ನೂ ಹೊರಗಟ್ಟಿ ಬಾಗಿಲು ಹಾಕಿದ. "ಪಾಪ, ತಲೆ ಕೆಟ್ಟಿದೆ" ಎನ್ನುತ್ತ ಅವರೆಲ್ಲ ಅಂಗಳದಲ್ಲೇ ನಿಂತರು.

ಮಧ್ಯಾಹ್ನ ಪರಿಶೀಲನೆಗೆ ಸರ್ಕಾರದ ಮೇಂಗ್ ಸಾಹೇಬರು ಬಂದರು. ಪರದೆಯ ಮೇಲೆ ಮನೆಯೆಲ್ಲ ನೀಲಿ; ಒಳಕೋಣೆ ಮಾತ್ರ ಮೆಣಸಿನಕಾಯಿಯಂತೆ ಕೆಂಪು.

"ಏನ್ರೀ ಇದು, ಬಾಯ್ಲರ್ ಆರಿಸಿದ್ರೂ ಐವತ್ತು ಡಿಗ್ರಿ? ಇದು ಮನೆಯೋ, ಒಲೆಯೋ?"

ಬೊಮ್‌ಸು ಎದ್ದುಬಿದ್ದು ಓಡಿದ. ಕೋಣೆಯ ಮೂಲೆಯಲ್ಲಿದ್ದ ರಜಾಯಿ ಸರಿಸಿದರೆ, ಒಳಗೆ ಮುಚ್ಚಳದ ಹಿತ್ತಾಳೆ ಬಟ್ಟಲು, ಅದಕ್ಕೊರಗಿಕೊಂಡು ಅವನ ಡಬ್ಬಿ.

"ಅತ್ತೇ!" ಎಂದು ಕೂಗಿದ. ಅತ್ತೆ ಹಿಂದೆಯೇ ಬಂದರು.

"ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲ ನೀವು! ಉಣ್ಣದೇ ಇರೋರ ಅನ್ನ ರಜಾಯಿಯೊಳಗೇ ತಾನೆ ಇಡೋದು? ಆಗ್ಲೇ ಮುಚ್ಚಿಟ್ಟೆ. ಪಾಪ, ಆ ಡಬ್ಬಿಗೂ ಚಳಿ ಅನ್ನಿಸ್ತು. ಜೊತೇಲೇ ಮಲಗಿಸಿದೆ."

ಬೊಮ್‌ಸುವಿಗೆ ಹೋದ ಜೀವ ಬಂತು. "ನೋಡಿ ಸಾರ್, ಬಿಸಿ ಮನೇದಲ್ಲ, ಅನ್ನದ್ದು!"

ಸಾಹೇಬರು ಮುಚ್ಚಳ ತೆರೆದರು. ಕನ್ನಡಕಕ್ಕೆ ಹಬೆ ಕವಿಯಿತು. "ನಮ್ಮಮ್ಮನೂ ಹೀಗೇ ಇಡ್ತಿದ್ರು" ಎಂದು ಒಂದು ತುತ್ತು ಬಾಯಿಗಿಟ್ಟರು. ಬಟ್ಟಲು ಖಾಲಿ ಮಾಡಿ ಕನ್ನಡಕ ಒರೆಸಿಕೊಂಡರು.

"ಬೆಳಗಿನ ಅನ್ನ ಕಣ್ರೀ, ಇನ್ನೂ ನಾಲಿಗೆ ಸುಡ್ತು! ಒಂದು ಚೂರು ಗ್ಯಾಸಿಲ್ಲ, ಇಂಗಾಲ ಇಲ್ಲ. ಇಡೀ ಮನೆ ಯಾಕೆ ಕಾಯಿಸ್ಬೇಕು? ಒಳಗಿರೋರನ್ನ ಮುಚ್ಚಿಟ್ರೆ ಸಾಕಲ್ಲ!"

ಅಂಗಳದವರೆಲ್ಲ ಚಪ್ಪಾಳೆ ತಟ್ಟಿದರು.

ಸಂಜೆಗೆ ಮಂಜೂರಾತಿ ಬಂದೇಬಿಟ್ಟಿತು. ಸಾಹೇಬರ ಹೊಸ ಪ್ರಯೋಗಕ್ಕೆಂದು, ಮನೆಯಲ್ಲಿದ್ದ ಹಳೇ ಬಾಯ್ಲರನ್ನೂ ಕಿತ್ತೊಯ್ದು, ತಲೆಗೊಂದರಂತೆ ರಜಾಯಿ ಕೊಟ್ಟರು. ಅತ್ತೆ ಹಸಿದ ಅಳಿಯನನ್ನು ಕತ್ತಿನವರೆಗೆ ಹೊದಿಸಿ, ಹೊಟ್ಟೆಯ ಮೇಲೆ ಆ ಡಬ್ಬಿ ಇಟ್ಟರು.

"ಅಲ್ಲಾಡ್ಬೇಡಿ ಅಳಿಯಂದ್ರೇ, ಸಾಹೇಬ್ರು ಲೆಕ್ಕ ನೋಡ್ತಿರ್ತಾರೆ."