ಹೊಲಿಗೆ ಮಿಷನ್ನಿಗೆ ಮೂರು ಪುಟದ ಕ್ರಾಂತಿ

ಉತ್ತರದಾಯಿತ್ವ ಎಂಬ ಪದದ ಮೇಲೆ ನನಗೆ ವಿಪರೀತ ಮೋಹ. ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ಅರಕಲಗೂಡಿಗೆ ಮರಳಿದಾಗ ನನ್ನ ಬಳಿ ಇದ್ದದ್ದು ಒಂದು ಪ್ರಮಾಣಪತ್ರ ಮತ್ತು ಈ ಒಂದು ಪದ. ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲವಾದ್ದರಿಂದ ಪದವನ್ನೇ ಬಳಸತೊಡಗಿದೆ. ಹೊಳೆನರಸೀಪುರದ ಬಸ್ಸು ಹತ್ತು ನಿಮಿಷ ತಡವಾದರೆ ಕಂಡಕ್ಟರರಿಂದ ವಿವರಣೆ ಕೇಳಿದೆ. ಹೋಟೆಲಿನ ಚಟ್ನಿ ನೀರಾಗಿದ್ದರೆ ಮಾಲೀಕರನ್ನೇ ಮೇಜಿಗೆ ಕರೆಸಿದೆ. ಪತ್ರಿಕೆಗಳಿಗೆ ನಾನು ಬರೆದ ಪತ್ರಗಳಲ್ಲಿ ‘ಇದಕ್ಕೆ ಹೊಣೆ ಯಾರು?’ ಎಂದು ಮುಗಿಯದ ಒಂದನ್ನು ಹುಡುಕುವುದು ಕಷ್ಟ.

ನನ್ನ ಅಮ್ಮ ಅರ್ಜಿ ಬರೆಯುವವಳು. ಸರ್ಕಾರಿ ಕಚೇರಿಯ ಕಾಂಪೌಂಡಿನ ಹೊರಗೆ, ಜೆರಾಕ್ಸ್ ಅಂಗಡಿಯ ನೆರಳಿನಲ್ಲಿ ಅವಳದೊಂದು ಮೇಜು, ಎರಡು ಕುರ್ಚಿ, ಒಂದು ಕಟ್ಟು ಬಿಳಿಹಾಳೆ. ಆ ಮೇಜೇ ನನ್ನನ್ನು ಎಂ.ಎ. ಓದಿಸಿತು ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆನಾದರೂ, ಅಮ್ಮನ ಗದ್ಯದ ಬಗ್ಗೆ ನನಗೆ ಕವಡೆ ಕಾಸಿನ ಗೌರವವಿರಲಿಲ್ಲ. ಅವಳ ಅರ್ಜಿಗಳೆಲ್ಲ ನಾಲ್ಕೇ ಸಾಲು: ಯಾರು, ಯಾವ ಊರು, ಏನು ಬೇಕು, ದಯವಿಟ್ಟು ಕೊಡಿಸಿ. ಆ ‘ದಯವಿಟ್ಟು’ ಕಂಡಾಗಲೆಲ್ಲ ನನ್ನ ರಕ್ತ ಕುದಿಯುತ್ತಿತ್ತು. “ಹಕ್ಕನ್ನ ಯಾಕಮ್ಮ ಬೇಡ್ಬೇಕು?” ಎಂದರೆ, “ಬೇಡಾದೇನ್ ಬಂತು? ಓದೋರ್ಗೂ ಒಂದ್ ಜೀವ ಅಯ್ತೆ ಕಣೇ” ಎಂದು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದಳು.

ಕಳೆದ ತಿಂಗಳು ಹಾಸನದಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಒಂದು ವಾರದ ಮಟ್ಟಿಗೆ ಮೇಜಿನ ಆಡಳಿತ ನನ್ನ ಕೈಗೆ ಬಂತು. ಸೋಮವಾರ ಮೊದಲು ಬಂದವಳು ಲಕ್ಕಮ್ಮ. ರಾಮನಾಥಪುರದ ಕಡೆ ತಂಬಾಕಿನ ಎಲೆ ವಿಂಗಡಿಸುವ ಕೂಲಿಗೆ ಹೋಗಿ ಕೆಮ್ಮು ಹಿಡಿಸಿಕೊಂಡಿದ್ದಳು. ಆ ಕೆಲಸ ಬಿಡಲೇಬೇಕೆಂದು ಡಾಕ್ಟರು ಹೇಳಿಯಾಗಿತ್ತು. ಹೊಲಿಗೆ ಗೊತ್ತಿತ್ತು, ಯಂತ್ರವಿರಲಿಲ್ಲ. “ಸರ್ಕಾರ್ದೋರು ಒಲ್ಗೆ ಮಿಷನ್ ಕೊಡ್ತಾವ್ರಂತೆ, ಒಂದ್ ಅರ್ಜಿ ಬರ್ಕೊಡವ್ವಾ. ಸುಕ್ರವಾರ ಕಡೇ ದಿನ,” ಎಂದಳು.

ನಾನು ಮೂರು ಪುಟ ಬರೆದೆ. ಸಂವಿಧಾನದ ಆಶಯಗಳಿಂದ ಆರಂಭಿಸಿ, ಅಸಂಘಟಿತ ಮಹಿಳಾ ಕಾರ್ಮಿಕರ ಆರೋಗ್ಯದ ಮೂಲಕ ಹಾದು, ಏಳು ಪ್ರಶ್ನೆಗಳನ್ನು ಕೇಳಿ, ಪ್ರತಿಯೊಂದಕ್ಕೂ ಸಂಬಂಧಪಟ್ಟ ಅಧಿಕಾರಿಯ ಹೆಸರು ಸಮೇತ ಲಿಖಿತ ಉತ್ತರ ಬೇಕೆಂದು ಆಗ್ರಹಿಸಿದೆ. ಗಟ್ಟಿಯಾಗಿ ಓದಿದಾಗ ಜೆರಾಕ್ಸ್ ಅಂಗಡಿಯವನು ಯಂತ್ರ ನಿಲ್ಲಿಸಿ ಕೇಳಿದ. ಲಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಏನ್ ಬರ್ದಿದ್ದೀಯವ್ವ! ನನ್ ಕಷ್ಟ ನಂಗೇ ಇವತ್ ಗೊತ್ತಾಯ್ತು” ಎಂದಳು. ವಿಮರ್ಶೆಯೆಂದರೆ ಇದು ಎಂದುಕೊಂಡೆ.

ಗುರುವಾರ ಅದೇ ಲಕ್ಕಮ್ಮ ಮನೆಗೇ ಬಂದಳು. ಮಿಷನ್ನಿಗೆ ಅರ್ಜಿ ಹಾಕಿದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಪ್ರಶ್ನೆಗಳೇ ತುಂಬಿದ್ದ ಅರ್ಜಿಯನ್ನು ಗುಮಾಸ್ತರು ದೂರೆಂದು ತಿಳಿದು, ದೂರುಗಳ ಕಟ್ಟಿಗೆ ಸೇರಿಸಿ ಹಾಸನಕ್ಕೆ ಕಳುಹಿಸಿಬಿಟ್ಟಿದ್ದರು. ಅವರ ಉತ್ತರದಾಯಿತ್ವವನ್ನು ಪ್ರಶ್ನಿಸಲು ಹೊರಡುವ ಮುನ್ನ ನನ್ನ ಕರಡನ್ನು ತೆಗೆದು ನೋಡಿದೆ. ಮೂರು ಪುಟಗಳಲ್ಲಿ ಬಂಡವಾಳಶಾಹಿ ಇತ್ತು, ಪಿತೃಪ್ರಧಾನ ವ್ಯವಸ್ಥೆ ಎರಡು ಸಲ ಇತ್ತು. ಹೊಲಿಗೆ ಮಿಷನ್ ಎಲ್ಲಿಯೂ ಇರಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೊರಗಿದ್ದ ಅಮ್ಮ ಬೈಯಲಿಲ್ಲ. “ಬಿಕ್ಕಲಂ ಯಾರ್ದು ಆಕಿದ್ದೆ?” ಎಂದು ಮಾತ್ರ ಕೇಳಿದಳು. ಬಿಕ್ಕಲಂ ಎಂದರೆ ಪತ್ರದ ಕೊನೆಯಲ್ಲಿ ಅದನ್ನು ಬರೆದುಕೊಟ್ಟವರು ಹಾಕುವ ಹೆಸರು. ಅಮ್ಮ ಅದರ ಕೆಳಗೆ ತನ್ನ ಫೋನ್ ನಂಬರನ್ನೂ ಬರೆಯುತ್ತಿದ್ದಳು, ಎಡವಟ್ಟಾದರೆ ಯಾರನ್ನು ಹುಡುಕಿಕೊಂಡು ಬರಬೇಕೆಂಬುದು ಜನರಿಗೆ ತಿಳಿದಿರಲೆಂದು. ಏಳು ಅಧಿಕಾರಿಗಳ ಹೆಸರು ಕೇಳಿದ್ದ ನಾನು ನನ್ನದನ್ನು ಹಾಕಿರಲಿಲ್ಲ.

“ಹೋರಾಟದಲ್ಲಿ ಹೆಸರು ಮುಖ್ಯ ಅಲ್ಲಮ್ಮ,” ಎಂದೆ.

“ಓರಾಟಕ್ ಬ್ಯಾಡ ಬುಡು. ಲಕ್ಕಮ್ಮಂಗ್ ಬೇಕು.”

ಅಮ್ಮ ಕಣ್ಣು ಮುಚ್ಚಿಕೊಂಡೇ ನಾಲ್ಕು ಸಾಲು ಹೇಳಿದಳು. ನಾನು ‘ದಯವಿಟ್ಟು’ ಸಮೇತ ಬರೆದು, ಕೆಳಗೆ ನನ್ನ ಹೆಸರು, ನಂಬರು ಹಾಕಿದೆ. ಶುಕ್ರವಾರ ಬೆಳಿಗ್ಗೆ ಲಕ್ಕಮ್ಮನ ಜೊತೆ ಕಚೇರಿಗೆ ಹೋಗಿ, ತಪ್ಪು ನನ್ನದೆಂದು ಗುಮಾಸ್ತರೆದುರು ಒಪ್ಪಿಕೊಂಡೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಆ ಮೂರ್ ಪುಟ ನಿಮ್ದೇನಾ ಮೇಡಂ? ಚೆನ್ನಾಗಿತ್ತು. ಏನ್ ಬೇಕು ಅಂತ ಒಂದ್ ಮಾತ್ ಬರ್ದಿದ್ರೆ ಸಾಕಾಗಿತ್ತು” ಎನ್ನುತ್ತ ಮೊಹರು ಒತ್ತಿದರು. ಹೊರಗೆ ಬಂದ ಮೇಲೆ ಲಕ್ಕಮ್ಮ ಸಮಾಧಾನ ಹೇಳಿದಳು: “ಬೇಜಾರ್ ಮಾಡ್ಕಬ್ಯಾಡ ಕಣವ್ವಾ. ಯಾರ್ಗಾರ ಬಯ್ಯೋದಿದ್ರೆ ನಿನ್ನೇ ಕರೀತೀನಿ. ಏನಾರ ಕೇಳೋದಿದ್ರೆ ಅಮ್ಮಾರೇ ಇರ್ಲಿ.”

ಪಾಠ ಇಲ್ಲಿಗೆ ಮುಗಿಯಿತೆಂದು ಭಾವಿಸಿದ್ದು ನನ್ನ ಅನನುಭವ. ಲಕ್ಕಮ್ಮನ ಬಳಿ ಈಗ ನನ್ನ ನಂಬರಿದೆ. ಪ್ರತಿದಿನ ಬೆಳಿಗ್ಗೆ ಆರೂವರೆಗೆ ಫೋನು: “ಮಿಷನ್ ಏನಾಯ್ತವ್ವಾ?” ಮೊದಲ ಮೂರು ದಿನ ನಾನೇ ಕಚೇರಿಗೆ ಹೋಗಿ ವಿಚಾರಿಸಿ ಬಂದು ಹೇಳಿದೆ. ನಾಲ್ಕನೆಯ ದಿನ ಫೋನನ್ನು ಸೈಲೆಂಟಿಗೆ ಹಾಕಿ ಮಗ್ಗುಲು ಬದಲಿಸಿದೆ. ಅವಳು ಅಮ್ಮನ ಫೋನಿಗೆ ಮಾಡಿದಳು. ಅಮ್ಮ ತಂದು ನನ್ನ ಕಿವಿಗೇ ಹಿಡಿದಳು. ನಾನು ಗಂಟಲು ಸರಿಮಾಡಿಕೊಂಡು, ಎಲ್ಲಿಂದಲೋ ಬಂದ ಗಾಂಭೀರ್ಯದಲ್ಲಿ, “ನೋಡಿ, ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಮುಂದಿನ ವಾರ ವಿಚಾರಿಸಿ” ಎಂದೆ.

ಅಮ್ಮ ಫೋನು ತೆಗೆದುಕೊಂಡು ನನ್ನನ್ನೇ ದಿಟ್ಟಿಸಿದಳು. ಪೊರೆ ತೆಗೆದ ಕಣ್ಣು ಚೆನ್ನಾಗಿಯೇ ಕಾಣುತ್ತಿರಬೇಕು.

“ಸರ್ಕಾರಿ ಕೆಲ್ಸ ಯಾವಾಗ್ ಸಿಕ್ತೇ? ನಂಗೊಂದ್ ಮಾತ್ ಏಳ್ನೇ ಇಲ್ವಲ್ಲ!”